ಬಡತನ ನಿವಾರಣೆ, ಜನಾರೋಗ್ಯ ಮತ್ತು ಜನಸಂಖ್ಯೆಯ ಸ್ಥಿರತೆ

ಬಡತನ ತಗ್ಗಿದರೆ ಕಾಯಿಲೆ ತಗ್ಗುತ್ತದೆ, ಹುಟ್ಟುವ ಮಕ್ಕಳ ಸಂಖ್ಯೆಯೂ ತಗ್ಗುತ್ತದೆ ಎಂಬುದು ಜನಸಂಖ್ಯಾಶಾಸ್ತ್ರದಲ್ಲಿ ಬಹುಕಾಲದಿಂದ ಬೇರೂರಿದ ತಿಳಿವಳಿಕೆ. ಒಟ್ಟಾರೆ ನೋಡಿದರೆ ಅದು ನಿಜ. ವಿವರಕ್ಕಿಳಿದರೆ ಮಾತು ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಕೇರಳದಲ್ಲಿ, ಬಾಂಗ್ಲಾದೇಶದಲ್ಲಿ ಜನರ ಕೈಯಲ್ಲಿ ದುಡ್ಡು ಓಡಾಡುವ ಮೊದಲೇ ಜನನ ಪ್ರಮಾಣ ಕುಸಿಯಿತು. ಇತ್ತ ಕರ್ನಾಟಕದಲ್ಲಿ ವರಮಾನ ಏರಿತು, ಜನನ ಪ್ರಮಾಣ ಇಳಿಯಿತು, ಆದರೂ ಮೂರು ಮಕ್ಕಳಲ್ಲಿ ಒಂದು ಮಗು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಒಂದು ನಾಡಿನ ಒಟ್ಟು ಸಂಪತ್ತು ಎಷ್ಟು ಎಂಬುದಕ್ಕಿಂತ ಅದರಲ್ಲಿ ಬಡವರ ತಟ್ಟೆಗೆ, ಹೆಣ್ಣುಮಕ್ಕಳ ಶಾಲೆಗೆ, ಹೆರಿಗೆಗೆ, ಮುಪ್ಪಿಗೆ ಎಷ್ಟು ತಲುಪಿತು ಎಂಬುದೇ ಈ ಎರಡು ಇಳಿಕೆಗಳ ವೇಗವನ್ನು ನಿರ್ಧರಿಸುತ್ತ ಬಂದಿದೆ.

ಜನಸಂಖ್ಯೆ ಸ್ಥಿರವಾಗುವುದು ಎಂದರೆ ಒಂದು ಪೀಳಿಗೆ ತನ್ನಷ್ಟೇ ದೊಡ್ಡದಾದ ಇನ್ನೊಂದು ಪೀಳಿಗೆಯನ್ನು ಬಿಟ್ಟುಹೋಗುವುದು. ಒಬ್ಬ ಮಹಿಳೆ ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿಯನ್ನು ಒಟ್ಟು ಫಲವತ್ತತೆ ದರ ಎನ್ನುತ್ತಾರೆ, ಅದು 2.1ರ ಆಸುಪಾಸಿಗೆ ಬಂದರೆ ಈ ಸಮತೋಲ ಸಾಧ್ಯ. 1950ರ ಸುಮಾರಿಗೆ ಭಾರತದಲ್ಲಿ ಈ ದರ ಆರರ ಹತ್ತಿರವಿತ್ತು. 1992–93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 3.4ಕ್ಕೂ 2019–21ರ ಐದನೆಯ ಸಮೀಕ್ಷೆಯಲ್ಲಿ 2.0ಕ್ಕೂ ಇಳಿಯಿತು. ಈ ಎರಡು ಸಮೀಕ್ಷೆಗಳ ನಡುವೆ, ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮೊದಲೇ ಸಾಯುವವುಗಳ ಸಂಖ್ಯೆ 79ರಿಂದ 35ಕ್ಕೆ ಬಂತು. ಎರಡೂ ಗೆರೆಗಳು ಜೊತೆಯಾಗಿಯೇ ಇಳಿದಿವೆ.

ಹಳೆಯ ವಾಗ್ವಾದ

ಬಡತನ ಮೊದಲೋ ರೋಗ ಮೊದಲೋ ಎಂಬ ಜಗಳಕ್ಕೆ ಎರಡು ಶತಮಾನಗಳ ಇತಿಹಾಸವಿದೆ. 1798ರಲ್ಲಿ ಥಾಮಸ್ ಮಾಲ್ಥಸ್ ಜನಸಂಖ್ಯೆಯ ಮೇಲೆ ಬರೆದ ಪ್ರಬಂಧದಲ್ಲಿ, ಬಡವರಿಗೆ ನೆರವು ಕೊಟ್ಟರೆ ಅವರ ಸಂಖ್ಯೆ ಬೆಳೆದು ಕೊನೆಗೆ ಎಲ್ಲರ ಅನ್ನಕ್ಕೂ ಸಂಚಕಾರ ಎಂದು ವಾದಿಸಿದ. ಮುಂದಿನ ಇನ್ನೂರು ವರ್ಷಗಳ ಅನುಭವ ಇದಕ್ಕೆ ಬಹುಮಟ್ಟಿಗೆ ವಿರುದ್ಧವಾಗಿ ನಡೆದರೂ, ಬಡವರಿಗೆ ಕೊಟ್ಟದ್ದೆಲ್ಲ ಮಕ್ಕಳ ಲೆಕ್ಕದಲ್ಲಿ ಕರಗಿಹೋಗುತ್ತದೆ ಎಂಬ ಗೊಣಗಾಟ ಇಂದಿಗೂ ಪೂರ್ತಿ ನಿಂತಿಲ್ಲ.

ಎಡ್ವಿನ್ ಚಾಡ್ವಿಕ್ 1842ರಲ್ಲಿ ಬ್ರಿಟನ್ನಿನ ದುಡಿಯುವ ಜನರ ನೈರ್ಮಲ್ಯದ ಬಗ್ಗೆ ಸಲ್ಲಿಸಿದ ವರದಿಯಲ್ಲಿ ಲಿವರ್‌ಪೂಲ್ ನಗರದ ಲೆಕ್ಕವೊಂದಿದೆ: ಸತ್ತವರ ಸರಾಸರಿ ವಯಸ್ಸು ಉಳ್ಳವರಲ್ಲಿ 35, ವ್ಯಾಪಾರಿಗಳಲ್ಲಿ 22, ಕೂಲಿಕಾರರಲ್ಲಿ 15. ಕೊಳಚೆಯಿಂದ ರೋಗ, ರೋಗದಿಂದ ಬಡತನ ಎಂಬುದು ಚಾಡ್ವಿಕ್‌ನ ಸೂತ್ರ. ಹಾಗಾಗಿ ಚರಂಡಿ ಕಟ್ಟಿದರೆ ಸಾಕೆಂದ. ಎಡಿನ್‌ಬರೋದ ವೈದ್ಯ ವಿಲಿಯಂ ಪುಲ್ಟ್ನಿ ಅಲಿಸನ್ ಇದನ್ನು ತಲೆಕೆಳಗು ಮಾಡಿದ. ಹಸಿವು, ಚಳಿ, ನಿರುದ್ಯೋಗಗಳೇ ಜ್ವರಕ್ಕೆ ದಾರಿ ಮಾಡುತ್ತವೆ, ಆದ್ದರಿಂದ ಮೊದಲು ಹೊಟ್ಟೆಗೆ ಹಾಕಿ ಎಂಬುದು ಅವನ ವಾದ. 1848ರಲ್ಲಿ ಪ್ರಷ್ಯಾ ಸರ್ಕಾರ ಟೈಫಸ್ ಜ್ವರ ಹಬ್ಬಿದ್ದ ಮೇಲಿನ ಸೈಲೀಷಿಯಾಕ್ಕೆ ತರುಣ ವೈದ್ಯ ರುಡಾಲ್ಫ್ ವಿರ್ಕೋನನ್ನು ಕಳುಹಿಸಿತು. ಔಷಧದ ಪಟ್ಟಿಯನ್ನು ನಿರೀಕ್ಷಿಸಿದ್ದ ಸರ್ಕಾರದ ಕೈಗೆ ಅವನು ಕೊಟ್ಟದ್ದು ಶಿಕ್ಷಣ, ಸ್ವಾತಂತ್ರ್ಯ, ಜೀವನೋಪಾಯಗಳ ಬೇಡಿಕೆಯ ಪಟ್ಟಿ.

ಇಪ್ಪತ್ತನೆಯ ಶತಮಾನದಲ್ಲಿ ವೈದ್ಯ ಥಾಮಸ್ ಮೆಕ್ಯೂನ್ ಆಹಾರವೇ ಮೊದಲು ಎಂಬ ವಾದಕ್ಕೆ ಅಂಕಿಗಳ ಬಲ ಕೊಟ್ಟ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ಷಯದ ಸಾವುಗಳು ಬಹುಪಾಲು ಇಳಿದದ್ದು 1947ರಲ್ಲಿ ಸ್ಟ್ರೆಪ್ಟೋಮೈಸಿನ್ ಬಳಕೆಗೆ ಬರುವ ಮೊದಲೇ. ಕಾರಣ ಉತ್ತಮ ಆಹಾರ ಎಂದು ಅವನು ಹೇಳಿದ. 1988ರಲ್ಲಿ ಇತಿಹಾಸಕಾರ ಸೈಮನ್ ಶ್ರೆಟರ್ ಇದನ್ನು ಪ್ರಶ್ನಿಸಿ, ನಗರಸಭೆಗಳು ತಂದ ಶುದ್ಧ ನೀರು, ಒಳಚರಂಡಿ, ವಸತಿ ನಿಯಮಗಳ ಪಾಲನ್ನು ಮೆಕ್ಯೂನ್ ಗಮನಿಸಲಿಲ್ಲ ಎಂದ. ಈ ಚರ್ಚೆಯಲ್ಲಿ ಶ್ರೆಟರ್‌ನ ಕೈ ಮೇಲಾಗಿದೆ ಎನ್ನಬಹುದು. ಆರ್ಥಿಕ ಬೆಳವಣಿಗೆ ತಾನಾಗಿ ಆರೋಗ್ಯವಾಗುವುದಿಲ್ಲ. ಅದನ್ನು ನಲ್ಲಿಯ ನೀರಾಗಿ ಯಾರಾದರೂ ಮನೆಬಾಗಿಲಿಗೆ ತರಬೇಕು.

1975ರಲ್ಲಿ ಜನಸಂಖ್ಯಾಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪ್ರೆಸ್ಟನ್ ದೇಶಗಳ ತಲಾ ವರಮಾನವನ್ನೂ ಸರಾಸರಿ ಆಯುಷ್ಯವನ್ನೂ ಒಂದೇ ನಕ್ಷೆಯಲ್ಲಿ ಇಟ್ಟು ನೋಡಿದ. ಬಡ ದೇಶಗಳಿರುವ ತುದಿಯಲ್ಲಿ ಗೆರೆ ಕಡಿದಾಗಿ ಮೇಲೇರುತ್ತದೆ, ಶ್ರೀಮಂತ ದೇಶಗಳತ್ತ ಬಂದಂತೆ ಚಪ್ಪಟೆಯಾಗುತ್ತದೆ. ಬಡವರ ಕೈಗೆ ಸಿಕ್ಕ ಒಂದು ರೂಪಾಯಿ ಉಳ್ಳವರ ಒಂದು ರೂಪಾಯಿಗಿಂತ ಹೆಚ್ಚು ಆಯುಷ್ಯವನ್ನು ಕೊಳ್ಳುತ್ತದೆ ಎಂದಾಯಿತು. ಪ್ರೆಸ್ಟನ್ ಇನ್ನೊಂದನ್ನೂ ತೋರಿಸಿದ: ದಶಕಗಳು ಕಳೆದಂತೆ ಆ ಇಡೀ ಗೆರೆಯೇ ಮೇಲಕ್ಕೆ ಸರಿದಿತ್ತು. ಅದೇ ವರಮಾನದಲ್ಲಿ ಜನ ಮೊದಲಿಗಿಂತ ಹೆಚ್ಚು ಕಾಲ ಬದುಕುತ್ತಿದ್ದರು. ಲಸಿಕೆ, ರೋಗಾಣುವಿನ ತಿಳಿವಳಿಕೆ, ಸಾರ್ವಜನಿಕ ಆರೋಗ್ಯ ವ್ಯವಸ್ಥೆ ಇದರ ಹಿಂದಿದ್ದವು.

ಅಕ್ಕಿ, ಬೇಳೆ ಮತ್ತು ಕ್ಷಯ

ಆಹಾರವೇ ಔಷಧದ ಕೆಲಸ ಮಾಡುತ್ತದೆಯೇ ಎಂಬುದಕ್ಕೆ ಇತ್ತೀಚಿನ ಅತ್ಯಂತ ಸ್ಪಷ್ಟ ಉತ್ತರ ಬಂದದ್ದು ಜಾರ್ಖಂಡದಿಂದ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಅಲ್ಲಿನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ ‘ರೇಷನ್ಸ್’ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಕ್ಷಯವಿದ್ದ 2,800 ರೋಗಿಗಳಿಗೆ ಮಾತ್ರೆಯ ಜೊತೆಗೆ ತಿಂಗಳಿಗೆ ಹತ್ತು ಕಿಲೋ ಆಹಾರದ ಪೊಟ್ಟಣ ಕೊಟ್ಟರು. ಅವರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಅಪೌಷ್ಟಿಕತೆಯ ಗೆರೆಯ ಕೆಳಗಿದ್ದವರು. ರೋಗಿಗಳ ಮನೆಯಲ್ಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಪೋಷಕಾಂಶದ ಮಾತ್ರೆ ಕೊಡಲಾಯಿತು. ಆ ಗುಂಪಿನಲ್ಲಿ ಹೊಸದಾಗಿ ಕ್ಷಯ ತಗಲಿದವರ ಪ್ರಮಾಣ ಶೇ. 39ರಷ್ಟು ಕಡಿಮೆಯಾಯಿತು. ಇತರರಿಗೆ ಹರಡಬಲ್ಲ ಬಗೆಯ ಕ್ಷಯವಂತೂ ಶೇ. 48ರಷ್ಟು ಇಳಿಯಿತು. ಹೊಸ ಔಷಧವಿಲ್ಲ, ಹೊಸ ಲಸಿಕೆಯಿಲ್ಲ, ಪಡಿತರ ಅಂಗಡಿಯಲ್ಲಿ ಸಿಗುವಂಥ ಸಾಮಾನು ಮತ್ತು ಪೋಷಕಾಂಶದ ಮಾತ್ರೆ, ಅಷ್ಟೇ. ಕೇಂದ್ರ ಸರ್ಕಾರ ಕ್ಷಯ ರೋಗಿಗಳಿಗೆ ಪೋಷಣೆಗಾಗಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಲ್ಲಿ ಅದು 1,000 ರೂಪಾಯಿ ಆಯಿತು.

ಬ್ರೆಜಿಲ್‌ನಲ್ಲಿ ಅಕ್ಕಿಯ ಬದಲು ಹಣವನ್ನೇ ಕೊಟ್ಟರು. 2003ರಲ್ಲಿ ಆರಂಭವಾದ ‘ಬೋಲ್ಸಾ ಫಮಿಲಿಯಾ’ ಯೋಜನೆ ಬಡ ಕುಟುಂಬಗಳಿಗೆ, ಮುಖ್ಯವಾಗಿ ತಾಯಂದಿರ ಕೈಗೆ, ಹಣ ಕೊಡುತ್ತದೆ. ಮಕ್ಕಳನ್ನು ಶಾಲೆಗೆ ಕಳುಹಿಸಬೇಕು, ಲಸಿಕೆ ಹಾಕಿಸಬೇಕು ಎಂಬುದು ಷರತ್ತು. 2004ರಿಂದ 2009ರವರೆಗೆ 2,853 ಪುರಸಭೆಗಳ ಅಂಕಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು, ಯೋಜನೆ ಚೆನ್ನಾಗಿ ಹಬ್ಬಿದ್ದ ಕಡೆ ಐದು ವರ್ಷದೊಳಗಿನ ಮಕ್ಕಳ ಸಾವು ಶೇ. 17ರಷ್ಟು ಕಡಿಮೆಯಾಗಿದ್ದನ್ನು ಕಂಡಿತು. ಅಪೌಷ್ಟಿಕತೆಯಿಂದಾಗುವ ಸಾವು ಶೇ. 65ರಷ್ಟು, ಭೇದಿಯಿಂದಾಗುವ ಸಾವು ಶೇ. 53ರಷ್ಟು ಇಳಿದಿತ್ತು. ಬಡತನಕ್ಕೆ ಹತ್ತಿರದ ಕಾಯಿಲೆಗಳೇ ಹೆಚ್ಚು ಇಳಿದವು ಎಂಬುದನ್ನು ಗಮನಿಸಬೇಕು.

ಆಸ್ಪತ್ರೆಯ ಸಾಲ

ಬಡತನದಿಂದ ಕಾಯಿಲೆಗೆ ಹೋಗುವ ದಾರಿಯಲ್ಲೇ ಕಾಯಿಲೆಯಿಂದ ಬಡತನಕ್ಕೆ ವಾಪಸು ಬರುವವರೂ ಇದ್ದಾರೆ. ಒಂದು ಹೃದಯದ ಆಪರೇಷನ್ನಿಗೆ ಎತ್ತು ಮಾರಿ, ಹೊಲ ಅಡವಿಟ್ಟು, ಕೈಸಾಲದ ಬಡ್ಡಿ ತೀರಿಸುತ್ತ ಇದ್ದ ಅಲ್ಪಸ್ವಲ್ಪವನ್ನೂ ಕಳೆದುಕೊಂಡ ಮನೆಗಳು ಪ್ರತಿ ಊರಿನಲ್ಲೂ ಸಿಗುತ್ತವೆ.

ಕರ್ನಾಟಕ ಸರ್ಕಾರ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ರಾಜ್ಯದ ಉತ್ತರ ಭಾಗದ ಜಿಲ್ಲೆಗಳಲ್ಲಿ ಜಾರಿಗೆ ತಂದಿತು. ಬಿಪಿಎಲ್ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡ, ಸುಟ್ಟಗಾಯದಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಇದರಡಿ ಉಚಿತ. ಯೋಜನೆ ಒಂದೇ ಸಲ ಎಲ್ಲೆಡೆ ಬರದೆ ಹಂತ ಹಂತವಾಗಿ ಬಂದದ್ದು ಸಂಶೋಧಕರಿಗೆ ವರವಾಯಿತು. ಜಾರಿಯಾಗಿದ್ದ ಪ್ರದೇಶದ ಗಡಿಯ ಈಚೆ ಆಚೆ ಇದ್ದ, ಉಳಿದೆಲ್ಲ ವಿಷಯದಲ್ಲಿ ಒಂದೇ ಬಗೆಯ 572 ಹಳ್ಳಿಗಳನ್ನು ಹೋಲಿಸಿ ನೀರಜ್ ಸೂದ್ ಮತ್ತಿತರರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಸತ್ತವರ ಪ್ರಮಾಣ ಜಾರಿಯಿದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇ. 0.32, ಇಲ್ಲದ ಕಡೆ ಶೇ. 0.90. ಆಸ್ಪತ್ರೆಗೆ ಕೈಯಿಂದ ಹಾಕಬೇಕಾದ ಖರ್ಚು ಸುಮಾರು ಮೂರನೇ ಒಂದು ಪಾಲು ಇಳಿದಿತ್ತು. ಸಾವಿನ ಸಂಖ್ಯೆಗಳೇ ಚಿಕ್ಕವಾದ್ದರಿಂದ ಮೊದಲ ಅಂಕಿಯನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು. ಆದರೆ ಕಾರಣ ಊಹಿಸುವುದು ಕಷ್ಟವಲ್ಲ: ಎದೆನೋವು ಬಂದಾಗ ದುಡ್ಡಿನ ಲೆಕ್ಕ ಹಾಕುತ್ತ ಕೂರುವುದು ತಪ್ಪಿತು, ಆಸ್ಪತ್ರೆಗೆ ಬೇಗ ಹೋದರು. ಆರೋಗ್ಯಶ್ರೀ 2018ರಲ್ಲಿ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಯಿತು.

ಬಡವರ ಮನೆಯ ಮಕ್ಕಳ ಲೆಕ್ಕ

ಬಡವರು ತಿಳಿವಳಿಕೆ ಇಲ್ಲದೆ ಹೆಚ್ಚು ಮಕ್ಕಳನ್ನು ಹೆರುತ್ತಾರೆ ಎಂಬ ಮಾತು ಎಷ್ಟು ಪ್ರಚಲಿತವೋ ಅಷ್ಟೇ ಪೊಳ್ಳು. ಹುಟ್ಟಿದ ಐದರಲ್ಲಿ ಎರಡು ಉಳಿಯುವ ಖಾತರಿ ಇಲ್ಲದಿದ್ದಾಗ, ಆರು ವರ್ಷದ ಮಗು ದನ ಕಾಯುತ್ತ ಮನೆಗೆ ಆದಾಯ ತರುವಾಗ, ಮುಪ್ಪಿನಲ್ಲಿ ಗಂಜಿ ಹಾಕಲು ಮಗನ ಹೊರತು ಬೇರೆ ಗತಿಯಿಲ್ಲದಿದ್ದಾಗ ಹೆಚ್ಚು ಮಕ್ಕಳನ್ನು ಹೆರುವುದು ಪಕ್ಕಾ ಲೆಕ್ಕಾಚಾರವೇ. ಈ ಮೂರು ಕಾರಣಗಳಲ್ಲಿ ಒಂದೊಂದೂ ಸಡಿಲವಾದಂತೆ ಮನೆ ಚಿಕ್ಕದಾಗುತ್ತ ಹೋಗುತ್ತದೆ.

ಈ ಬದಲಾವಣೆಯನ್ನು ಹತ್ತಿರದಿಂದ ಕಂಡ ಅಧ್ಯಯನಗಳಲ್ಲೊಂದು ಕರ್ನಾಟಕದ್ದೇ. ಆಸ್ಟ್ರೇಲಿಯದ ಜಾನ್ ಕಾಲ್ಡ್‌ವೆಲ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿ ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ. ಎಚ್. ರೆಡ್ಡಿ ಅವರೊಂದಿಗೆ ಬೆಂಗಳೂರಿನಿಂದ ಪಶ್ಚಿಮಕ್ಕಿರುವ ಹಳ್ಳಿಗಳಲ್ಲಿ 1970ರ ದಶಕದ ಕೊನೆಯಿಂದ ಕೆಲಸ ಮಾಡಿದರು. ಪ್ರಶ್ನಾವಳಿ ಹಿಡಿದು ಮನೆ ಮನೆ ಸುತ್ತಿ ಹೊರಟುಹೋಗದೆ ಊರಲ್ಲೇ ಉಳಿದು, ಅದೇ ಜನರನ್ನು ಮತ್ತೆ ಮತ್ತೆ ಮಾತಾಡಿಸಿದರು. ಅವರಿಗೆ ಕಂಡದ್ದು ಹೀಗೆ: ಹುಡುಗಿಯರ ಮದುವೆಯ ವಯಸ್ಸು ಏರುತ್ತಿತ್ತು, ತೆರ ಕೊಡುವ ಪದ್ಧತಿ ಹಿಂದೆ ಸರಿದು ವರದಕ್ಷಿಣೆ ಬಂದಿತ್ತು, ಶಾಲೆಗೆ ಹೋಗುವ ಮಗು ದುಡಿಯುವ ಕೈಯಾಗಿ ಉಳಿಯದೆ ಖರ್ಚಿನ ಬಾಬ್ತಾಗಿತ್ತು. ಓದಿದ ಮಗನಿಗೆ ಪೇಟೆಯಲ್ಲಿ ಕೆಲಸ ಸಿಗಬಹುದೆಂಬ ಆಸೆಯೂ ಸೇರಿ, ಹೆಚ್ಚು ಮಕ್ಕಳಿಗಿಂತ ಓದಿದ ಕೆಲವೇ ಮಕ್ಕಳು ಲೇಸೆನಿಸತೊಡಗಿತ್ತು. ಇವರ ಅಧ್ಯಯನ 1988ರಲ್ಲಿ ಪುಸ್ತಕವಾಗಿ ಬಂತು.

ದೇಶದ ಅಂಕಿಗಳೂ ಇದನ್ನೇ ಹೇಳುತ್ತವೆ. 2019–21ರ ಸಮೀಕ್ಷೆಯಲ್ಲಿ ಅತಿ ಬಡ ಐದನೇ ಒಂದು ಭಾಗದ ಮಹಿಳೆಯರ ಫಲವತ್ತತೆ ದರ 2.6, ಅತಿ ಸಿರಿವಂತ ಭಾಗದಲ್ಲಿ 1.6. ಶಾಲೆಯ ಮೆಟ್ಟಿಲು ಹತ್ತದವರಲ್ಲಿ 2.8, ಹನ್ನೆರಡು ವರ್ಷ ಓದಿದವರಲ್ಲಿ 1.8. ಧರ್ಮ, ಜಾತಿಯ ಹೆಸರಿನಲ್ಲಿ ನಡೆಯುವ ಜನಸಂಖ್ಯಾ ಜಗಳಗಳಿಗಿಂತ ಈ ನಾಲ್ಕು ಅಂಕಿಗಳು ಹೆಚ್ಚು ಪ್ರಯೋಜನಕಾರಿ.

ಹಾಗಾದರೆ ವರಮಾನ ಏರುವವರೆಗೆ ಕಾಯಬೇಕೇ? ಬೇಕಿಲ್ಲ ಎಂದು ತೋರಿಸಿದವರಲ್ಲಿ ಬಾಂಗ್ಲಾದೇಶ ಮುಖ್ಯ. 1971ರಲ್ಲಿ ಹುಟ್ಟಿದಾಗ ಅದು ಯುದ್ಧ, ಚಂಡಮಾರುತಗಳಿಂದ ಜರ್ಜರಿತವಾಗಿದ್ದ, ಪ್ರತಿ ಮಹಿಳೆಗೆ ಸರಾಸರಿ ಆರಕ್ಕೂ ಹೆಚ್ಚು ಮಕ್ಕಳಿದ್ದ ದೇಶ. 2011ರ ಹೊತ್ತಿಗೆ ಈ ದರ 2.3ಕ್ಕೆ ಬಂದಿತ್ತು. ಮತ್ಲಬ್ ಎಂಬ ನದೀಬಯಲಿನ ಪ್ರದೇಶದಲ್ಲಿ 1977ರಿಂದ ಸುಮಾರು ಅರ್ಧದಷ್ಟು ಹಳ್ಳಿಗಳಲ್ಲಿ ಸ್ಥಳೀಯ ಮಹಿಳೆಯರೇ ಮನೆ ಮನೆಗೆ ಹೋಗಿ ಗರ್ಭನಿರೋಧಕ ಮತ್ತು ತಾಯಿ–ಮಗುವಿನ ಆರೈಕೆಯನ್ನು ಒದಗಿಸಿದರು. ಉಳಿದರ್ಧ ಹಳ್ಳಿಗಳಿಗೆ ಹೋಲಿಸಿದರೆ ಜನನ ಪ್ರಮಾಣವೂ ಮಕ್ಕಳ ಸಾವೂ ಅಲ್ಲಿ ಇಳಿದವು. ಬ್ರಾಕ್ ಎಂಬ ಅಲ್ಲಿನ ಸ್ವಯಂಸೇವಾ ಸಂಸ್ಥೆ 1980ರಿಂದ 1990ರವರೆಗೆ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳ ತಾಯಂದಿರಿಗೆ ಭೇದಿಯಾದಾಗ ಕುಡಿಸುವ ನೀರನ್ನು ಮನೆಯಲ್ಲೇ ಮಾಡಲು ಕಲಿಸಿತು: ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಲಿಸಿದವರ ಸಂಬಳ, ಆಮೇಲೆ ಹೋಗಿ ವಿಚಾರಿಸಿದಾಗ ತಾಯಿಗೆ ಎಷ್ಟು ನೆನಪಿದೆ ಎಂಬುದರ ಮೇಲೆ ನಿಂತಿತ್ತು! ಹಣವಾಗಿ ಬಡತನ ಉಳಿದಿದ್ದರೂ, ಬಡತನದ ಅತ್ಯಂತ ಕ್ರೂರ ಫಲವಾದ ಕೂಸಿನ ಸಾವನ್ನು ಈ ದೇಶ ಮೊದಲೇ ತಡೆಯಿತು.

ಕೇರಳದ ಕಥೆ ಹೆಚ್ಚು ಪರಿಚಿತ. ಭೂಸುಧಾರಣೆ, ಪಡಿತರ, ಹತ್ತಿರದಲ್ಲೇ ಆಸ್ಪತ್ರೆ, ಎಲ್ಲಕ್ಕಿಂತ ಮೊದಲು ಹೆಣ್ಣುಮಕ್ಕಳ ಓದು. ತಲಾ ವರಮಾನ ದೇಶದ ಸರಾಸರಿಗಿಂತ ಕೆಳಗಿದ್ದ ಕಾಲದಲ್ಲೇ, 1980ರ ದಶಕದ ಕೊನೆಗೆ, ಅಲ್ಲಿನ ಫಲವತ್ತತೆ ದರ 2.1ರ ಗೆರೆ ದಾಟಿ ಕೆಳಗಿಳಿಯಿತು. ಇರಾನ್ ಕೂಡ 1989ರ ನಂತರ ಹಳ್ಳಿ ಹಳ್ಳಿಯ ‘ಆರೋಗ್ಯ ಮನೆ’ಗಳು ಮತ್ತು ಹುಡುಗಿಯರ ಶಾಲೆಗಳ ಬಲದಿಂದ ಒಂದೇ ದಶಕದಲ್ಲಿ ಇಂಥದೇ ಇಳಿಕೆ ಕಂಡಿತು.

ಒತ್ತಾಯದ ಅಡ್ಡದಾರಿ

ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧ ಕ್ಲಿನಿಕ್ ತೆರೆಯಿತು. ಸರ್ಕಾರವೇ ಮುಂದೆ ನಿಂತು ಇಂಥ ಸೇವೆ ಕೊಟ್ಟದ್ದು ಜಗತ್ತಿನಲ್ಲೇ ಮೊದಲು ಎಂದು ಸಾಮಾನ್ಯವಾಗಿ ದಾಖಲಾಗಿದೆ. ಭಾರತ ಸರ್ಕಾರ ಮತ್ತು ವಿಶ್ವಸಂಸ್ಥೆ 1951–52ರಲ್ಲಿ ಸೇರಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನ ಈ ಕ್ಷೇತ್ರದ ಆರಂಭದ ದೊಡ್ಡ ಸಮೀಕ್ಷೆಗಳಲ್ಲೊಂದು. 1952ರಲ್ಲಿ ದೇಶದ ಕುಟುಂಬ ಯೋಜನಾ ಕಾರ್ಯಕ್ರಮ ಶುರುವಾಯಿತು. ಅದರ ಗುರುತಾದ ಕೆಂಪು ತ್ರಿಕೋನ, ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಎಂಬ ಗೋಡೆಬರಹಗಳ ಕಾಲ ಆಮೇಲಿನದು.

1974ರಲ್ಲಿ ಬುಕಾರೆಸ್ಟ್‌ನ ವಿಶ್ವ ಜನಸಂಖ್ಯಾ ಸಮ್ಮೇಳನದಲ್ಲಿ ಭಾರತದ ಆರೋಗ್ಯ ಸಚಿವ ಕರಣ್ ಸಿಂಗ್, ಅಭಿವೃದ್ಧಿಯೇ ಅತ್ಯುತ್ತಮ ಗರ್ಭನಿರೋಧಕ ಎಂಬ ಅರ್ಥದ ಮಾತಾಡಿ ಪ್ರಸಿದ್ಧರಾದರು. ಎರಡೇ ವರ್ಷದ ನಂತರ, ತುರ್ತುಪರಿಸ್ಥಿತಿಯ ನಡುವೆ, ಅದೇ ಸಚಿವರು ಹೊರಡಿಸಿದ ಜನಸಂಖ್ಯಾ ನೀತಿ, ಶಿಕ್ಷಣ ಮತ್ತು ಅಭಿವೃದ್ಧಿ ತಮ್ಮ ಕೆಲಸ ಮಾಡುವವರೆಗೆ ಕಾಯಲಾಗದು ಎಂದಿತು. 1976–77ರಲ್ಲಿ ಸುಮಾರು 83 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಪಡಿತರ ಚೀಟಿ, ಸಾಲ, ಸರ್ಕಾರಿ ನೌಕರರ ಸಂಬಳಗಳನ್ನೂ ಆಪರೇಷನ್ನಿನ ಗುರಿಗೆ ಕಟ್ಟಿಹಾಕಿದ್ದುಂಟು. 1977ರ ಚುನಾವಣೆಯಲ್ಲಿ ಸರ್ಕಾರವೇ ಬಿತ್ತು, ಇಲಾಖೆ ‘ಕುಟುಂಬ ಕಲ್ಯಾಣ’ ಎಂದು ಹೆಸರು ಬದಲಿಸಿಕೊಂಡಿತು. ಗಂಡಸರ ಶಸ್ತ್ರಚಿಕಿತ್ಸೆ ಅಂದು ಕಳೆದುಕೊಂಡ ವಿಶ್ವಾಸವನ್ನು ಇಂದಿಗೂ ಮರಳಿ ಪಡೆದಿಲ್ಲ. ಕರ್ನಾಟಕದಲ್ಲಿ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರೆ, ಗಂಡಸರ ಪಾಲು ಶೇ. 1ನ್ನೂ ಮುಟ್ಟುವುದಿಲ್ಲ.

ಚೀನಾದ ಒಂದೇ ಮಗುವಿನ ನೀತಿಯ ಬಗೆಗೂ ಒಂದು ತಪ್ಪು ಕಲ್ಪನೆಯಿದೆ. ಅಲ್ಲಿನ ಫಲವತ್ತತೆ ದರ 1970ರಲ್ಲಿ ಆರರ ಸಮೀಪವಿದ್ದದ್ದು ಆ ನೀತಿ ಬರುವ ಮೊದಲೇ, 1979ರ ಹೊತ್ತಿಗೆ, ಮೂರಕ್ಕಿಂತ ಕೆಳಗೆ ಬಂದಾಗಿತ್ತು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತೋರಿಸಿದಂತೆ 1979ರಿಂದ 1991ರ ನಡುವೆ ಚೀನಾ 2.8ರಿಂದ 2.0ಕ್ಕೆ ಇಳಿದರೆ, ಯಾವ ಬಲವಂತವೂ ಇಲ್ಲದ ಕೇರಳ 3.0ರಿಂದ 1.8ಕ್ಕೆ ಇಳಿಯಿತು.

ಇಳಿದ ಮೇಲೆ

ಫಲವತ್ತತೆ ದರ 2.1ರ ಕೆಳಗೆ ಬಂದ ಮಾತ್ರಕ್ಕೆ ಜನಸಂಖ್ಯೆ ಅಲ್ಲೇ ನಿಲ್ಲುವುದಿಲ್ಲ. ಹಿಂದಿನ ದಶಕಗಳಲ್ಲಿ ಹುಟ್ಟಿದ ದೊಡ್ಡ ಪೀಳಿಗೆ ಈಗ ಮಕ್ಕಳಾಗುವ ವಯಸ್ಸಿನಲ್ಲಿದೆ. ಒಬ್ಬೊಬ್ಬರಿಗೂ ಕಡಿಮೆ ಮಕ್ಕಳಾದರೂ ಒಟ್ಟು ಸಂಖ್ಯೆ ಬೆಳೆಯುತ್ತಲೇ ಇರುತ್ತದೆ. 2023ರಲ್ಲಿ ಚೀನಾವನ್ನು ಹಿಂದಿಕ್ಕಿದ ಭಾರತದ ಜನಸಂಖ್ಯೆ 2060ರ ದಶಕದ ಆರಂಭದಲ್ಲಿ 170 ಕೋಟಿಯ ಸುಮಾರಿಗೆ ಏರಿ ಆಮೇಲೆ ಇಳಿಯತೊಡಗುತ್ತದೆ ಎಂಬುದು ವಿಶ್ವಸಂಸ್ಥೆಯ 2024ರ ಅಂದಾಜು.

ಕರ್ನಾಟಕದ ಫಲವತ್ತತೆ ದರ ಮೊದಲ ಕುಟುಂಬ ಆರೋಗ್ಯ ಸಮೀಕ್ಷೆಯ 2.85ರಿಂದ ಐದನೆಯದರಲ್ಲಿ 1.7ಕ್ಕೆ ಬಂದಿದೆ. ಆರೋಗ್ಯ, ಶಿಕ್ಷಣ, ಜೀವನಮಟ್ಟಗಳನ್ನು ಸೇರಿಸಿ ಅಳೆಯುವ ನೀತಿ ಆಯೋಗದ ಬಹುಆಯಾಮದ ಬಡತನದ ಲೆಕ್ಕದಲ್ಲಿ ರಾಜ್ಯದ ಬಡವರ ಪಾಲು 2015–16ರ ಶೇ. 12.77ರಿಂದ 2019–21ರಲ್ಲಿ ಶೇ. 7.58ಕ್ಕೆ ಇಳಿದಿದೆ. ಹೆರಿಗೆಯ ಸಾವು 2018–20ರಲ್ಲಿ ಲಕ್ಷ ಜನನಕ್ಕೆ 69, ದೇಶದ ಸರಾಸರಿ 97. ಇಷ್ಟಾದರೂ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಕುಂಠಿತ ಬೆಳವಣಿಗೆಯವು, ಶೇ. 65ರಷ್ಟು ಮಕ್ಕಳಿಗೆ ರಕ್ತಹೀನತೆ. ಇಪ್ಪತ್ತರಿಂದ ಇಪ್ಪತ್ತನಾಲ್ಕರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಐವರಲ್ಲೊಬ್ಬಳಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿದೆ. ಬೇಗ ಮದುವೆ, ಬೇಗ ಎರಡು ಹೆರಿಗೆ, ಇಪ್ಪತ್ತೈದರ ಆಸುಪಾಸಿನಲ್ಲಿ ಆಪರೇಷನ್ ಎಂಬ ದಾರಿಯಲ್ಲೂ ಜನನ ಪ್ರಮಾಣ ಇಳಿಯಬಲ್ಲದು. ಆ ಇಳಿಕೆ ಲೆಕ್ಕದ ಪುಸ್ತಕದಲ್ಲಿ ಕೇರಳದಂತೆಯೇ ಕಂಡರೂ, ರಕ್ತಹೀನ ತಾಯಿಗೆ ಹುಟ್ಟುವ ಕಡಿಮೆ ತೂಕದ ಮಗುವಿಗೆ ಅದರಿಂದ ಹೆಚ್ಚೇನೂ ದಕ್ಕುವುದಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆ ಈ ಸಮಸ್ಯೆ ದಟ್ಟವಾಗಿದೆ. ರಾಜ್ಯದಲ್ಲಿ ಶಾಲೆಯ ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದೂ ಉತ್ತರದ ಜಿಲ್ಲೆಗಳಲ್ಲೇ.

ಇನ್ನೊಂದು ತುದಿಯಲ್ಲಿ ಮುಪ್ಪು ಕಾದಿದೆ. ಕೇರಳದಲ್ಲಿ ಅರವತ್ತು ದಾಟಿದವರ ಪಾಲು 2021ರ ಅಂದಾಜಿನಲ್ಲಿ ಶೇ. 16.5; ದೇಶದಲ್ಲಿ ಶೇ. 10ರಷ್ಟು. ದಕ್ಷಿಣದ ಉಳಿದ ರಾಜ್ಯಗಳೂ ಅದೇ ಹಾದಿಯಲ್ಲಿವೆ. ಭೇದಿ, ದಡಾರದ ಜಾಗಕ್ಕೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಬಂದಿವೆ. ಇವು ಒಂದು ವಾರದ ಮಾತ್ರೆಗೆ ಹೋಗುವ ಕಾಯಿಲೆಗಳಲ್ಲ, ಜೀವಮಾನದ ಖರ್ಚು. ಮುಪ್ಪಿಗೆ ಆಸರೆಯೆಂದು ಹೆತ್ತ ಮಕ್ಕಳ ಸಂಖ್ಯೆ ಎರಡಕ್ಕಿಂತ ಕಡಿಮೆಯಾಗಿ, ಇದ್ದವರೂ ದುಡಿಯಲು ಬೆಂಗಳೂರಿಗೋ ಇನ್ನೆಲ್ಲಿಗೋ ಹೋದಾಗ ಆ ಆಸರೆಯನ್ನು ಸರ್ಕಾರ ಒದಗಿಸಬೇಕಾಗುತ್ತದೆ. ಕರ್ನಾಟಕ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದದ್ದು ಈ ಕಾರಣಕ್ಕೆ. ಕೇಂದ್ರದ ವೃದ್ಧಾಪ್ಯ ಪಿಂಚಣಿಯಲ್ಲಿ ಅರವತ್ತರಿಂದ ಎಪ್ಪತ್ತೊಂಬತ್ತರವರೆಗಿನ ಬಡವರಿಗೆ ಸಿಗುವ ಪಾಲು ತಿಂಗಳಿಗೆ 200 ರೂಪಾಯಿ. ಆ ಮೊತ್ತ 2007ರ ಸುಮಾರಿನಿಂದ ಈಚೆಗೆ ಏರಿಲ್ಲ.